ಚಕ್ರಯಾತ್ರಿಕನೂ ದಾರಿಯ ಗೃಹಸ್ಥರೂ

1884ನೆಯ ಇಸವಿಯ ಏಪ್ರಿಲ್ ತಿಂಗಳ 22ರ ಬೆಳಗ್ಗೆ, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿ ಗಣಿಗಳಲ್ಲಿ ದುಡಿದು ಜೀವಿಸಿದ್ದ ಥಾಮಸ್ ಸ್ಟೀವನ್ಸ್ ಎಂಬ ತರುಣನು, ಮುಂದಿನ ಚಕ್ರ ಎದೆಯೆತ್ತರವಾಗಿ, ಹಿಂದಿನದು ಮಕ್ಕಳ ಆಟದ ಗಾಲಿಯಷ್ಟು ಕಿರಿದಾಗಿದ್ದ ಆ ಕಾಲದ ಎತ್ತರದ ಬೈಸಿಕಲ್ಲನ್ನು ಏರಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಪೂರ್ವಾಭಿಮುಖನಾಗಿ ಹೊರಟನು. ಅವನ ಸಾಮಗ್ರಿಯಲ್ಲಿದ್ದುದು ಕಾಲುಚೀಲಗಳು, ಒಂದು ಹೆಚ್ಚಿನ ಅಂಗಿ, ರಾತ್ರಿಯಲ್ಲಿ ಹಾಸಿಗೆಯಾಗಿಯೂ ಡೇರೆಯಾಗಿಯೂ ಒದಗಬೇಕಾಗಿದ್ದ ಒಂದು ಮಳೆಯಂಗಿ, ಮತ್ತು ಒಂದು ಕೈಪಿಸ್ತೂಲು; ಇಷ್ಟೆ. ಎರಡು ವರ್ಷ ಎಂಟು ತಿಂಗಳ ತರುವಾಯ, 1886ನೆಯ ಡಿಸೆಂಬರ್ 17ರಂದು, ಜಪಾನಿನ ಯೋಕೋಹಾಮಾ ಬಂದರಿನಲ್ಲಿ ಅವನು ಕೆಳಗಿಳಿದಾಗ, ಸುಮಾರು 13,500 ಮೈಲಿಗಳ ನೆಲದ ಹಾದಿಯನ್ನು ಸವೆಸಿ, ಬೈಸಿಕಲ್ಲಿನ ಮೇಲೆ ಭೂಪ್ರದಕ್ಷಿಣೆ ಮಾಡಿದವರಲ್ಲಿ ಮೊದಲಿಗನೆಂಬ ಕೀರ್ತಿಗೆ ಪಾತ್ರನಾಗಿದ್ದನು. ಈ ಯಾತ್ರೆಯನ್ನು ಕುರಿತು ಅವನು ಬರೆದ ಎರಡು ಸಂಪುಟಗಳ ಗ್ರಂಥವು 1887 ಮತ್ತು 1888ರಲ್ಲಿ ಪ್ರಕಟವಾಯಿತು.

ಆ ಗ್ರಂಥವನ್ನು ಸಾಹಸಗಾಥೆಯೆಂದು ಓದುವುದು ರೂಢಿ. ಆದರೆ ನನಗೆ ಅದು ಮುಖ್ಯವಾಗಿ ಆತಿಥ್ಯದ ಇತಿಹಾಸವಾಗಿ ಕಾಣುತ್ತದೆ. ಬರೆದವನ ಸಂಕಲ್ಪದಲ್ಲಿ ಅದು ಇರಲಿಲ್ಲವೆಂಬುದು ಅದರ ಸಾಕ್ಷ್ಯಕ್ಕೆ ಬಲವನ್ನೇ ಕೊಡುತ್ತದೆ. ಕುದುರೆಯ ಮೇಲೆ ಹೋಗುವ ದೊರೆಗಳಿಗೆ ಹಿಂದೆ ಮುಂದೆ ಆಳುಕಾಳು, ಡೇರೆ, ಅಡಿಗೆಯವರು ಇರುತ್ತಿದ್ದರು. ರೈಲಿನ ಪ್ರಯಾಣಿಕನಿಗೆ ನಿಲ್ದಾಣಗಳಲ್ಲದೆ ಊರುಗಳು ಕಾಣಿಸುತ್ತಿರಲಿಲ್ಲ. ಬೈಸಿಕಲ್ಲಿನವನಾದರೋ ಎರಡು ಹೊತ್ತಿನ ಬುತ್ತಿಯನ್ನೂ ಕಟ್ಟಿಕೊಳ್ಳಲಾರದೆ, ಮರೆಯಾಗಿ ಸಾಗಲೂ ಆರದೆ, ಪ್ರತಿ ಸಂಜೆಯೂ ಯಾವುದಾದರೊಂದು ಅಪರಿಚಿತ ಬಾಗಿಲಿನ ಮುಂದೆ ನಿಂತು ಅನ್ನವನ್ನೂ ಆಶ್ರಯವನ್ನೂ ಬೇಡಬೇಕಾದವನು. ಹೀಗೆ ನಿಂತವನಿಗೆ ಬಾಗಿಲನ್ನು ತೆರೆದವರು ಯಾರು, ಯಾವ ಪದ್ಧತಿಗೆ ಅನುಸಾರವಾಗಿ ತೆರೆದರು ಎಂಬುದೇ ಇಲ್ಲಿ ನಮ್ಮ ವಿಚಾರ.

ಅಮೆರಿಕ ಖಂಡವನ್ನು ದಾಟಿದ ಮೊದಲ ಭಾಗದಲ್ಲಿ ಅವನಿಗೆ ನೆರವಾದುದು ರೈಲುಹಾದಿ. ರಸ್ತೆಯೆಂಬುದೇ ಇಲ್ಲದ ಪಶ್ಚಿಮ ಪ್ರಾಂತಗಳಲ್ಲಿ ಅವನು ಕಂಬಿಯ ಪಕ್ಕದಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡು ನಡೆದನು. ಸಿಯೆರಾ ನೆವಾಡ ಪರ್ವತಗಳಲ್ಲಿ ಹಿಮದಿಂದ ಹಾದಿಯನ್ನು ಕಾಪಾಡಲು ಕಟ್ಟಿದ್ದ ಮರದ ಮಾಡುಗಳ ಕತ್ತಲೆಯೊಳಗೆ ಮೈಲಿಗಟ್ಟಲೆ ಸಾಗಿದನು. ಕಂಬಿಯನ್ನು ಕಾಯುವ ಕೂಲಿಕಾರರ ತಂಗುಮನೆಗಳಲ್ಲಿ ಉಂಡು ಮಲಗಿದನು. ಆಗಸ್ಟ್ 4ರಂದು ಬಾಸ್ಟನ್ ನಗರವನ್ನು ಸೇರುವಾಗ ಈ ಹಾದಿಯ ಮೂರರಲ್ಲೊಂದು ಪಾಲಿಗಿಂತ ಕಡಿಮೆಯಲ್ಲದಷ್ಟನ್ನು ಅವನು ನಡೆದೇ ಕಳೆದಿದ್ದನು.

ಮರುವರ್ಷದ ಮೇ ತಿಂಗಳಲ್ಲಿ ಲಿವರ್‌ಪೂಲಿನಿಂದ ಹೊರಟು ಅವನು ಯೂರೋಪನ್ನು ದಾಟಿದುದರಲ್ಲಿ, ರಸ್ತೆಗಳು ಚೆನ್ನಾಗಿದ್ದುದರಿಂದಲೋ ಏನೋ, ಹೇಳಿಕೊಳ್ಳುವಂಥದು ಹೆಚ್ಚಿಲ್ಲ. ಒಂದು ಪ್ರಸಂಗವನ್ನು ಮಾತ್ರ ಬಿಡಲಾರೆ. ಹಂಗೆರಿಯಲ್ಲಿ ಸ್ವೆತೋಜಾರ್ ಇಗಾಲಿ ಎಂಬ ಸವಾರನೊಬ್ಬನು ಅವನ ಜೊತೆಗೂಡಿ ಸರ್ಬಿಯಾದ ಕಡೆಗೆ ಬಹುದೂರ ಬಂದನು. ಇವನಿಗೆ ಅವನ ಭಾಷೆ ತಿಳಿಯದು. ಅವನಿಗೆ ಇವನದು ತಿಳಿಯದು. ಸಂಜ್ಞೆಗಳಿಂದಲೇ ವ್ಯವಹರಿಸುತ್ತ, ಬಿಸಿಲಿನಲ್ಲಿಯೂ ಧೂಳಿನಲ್ಲಿಯೂ ದಿನವೆಲ್ಲ ಜೊತೆಯಾಗಿ ಸಾಗಿ, ಇರುಳು ಒಂದೇ ಮೇಜಿನಲ್ಲಿ ಉಂಡ ಈ ಇಬ್ಬರ ಸಖ್ಯವನ್ನು ವರ್ಣಿಸುವಾಗ ಸ್ಟೀವನ್ಸನ ಬರವಣಿಗೆಯಲ್ಲಿ ಬೇರೆಲ್ಲಿಯೂ ಕಾಣದ ಒಂದು ಮಾರ್ದವ ತೋರುತ್ತದೆ.

ಗ್ರಂಥದ ಸಾರವೆಲ್ಲ ಇರುವುದು ಏಷ್ಯಾದಲ್ಲಿ. 1885ರ ಆಗಸ್ಟಿನಲ್ಲಿ ಅವನು ಇಜ್ಮಿತ್ ಪಟ್ಟಣವನ್ನು ಬಿಟ್ಟು, ಅಂಗೋರಾ, ಯೋಜ್‌ಗಾತ್, ಸಿವಾಸ್, ಎರ್ಜುರುಮ್ ಮಾರ್ಗವಾಗಿ ತುರ್ಕಿಯ ಆನತೋಲಿಯ ಪೀಠಭೂಮಿಯನ್ನು ದಾಟತೊಡಗಿದನು. ಆ ದೇಶದಲ್ಲಿ ಪ್ರಯಾಣಿಕನಿಗೆ ಎರಡು ಬಗೆಯ ಆಶ್ರಯವಿದ್ದಿತು. ಪಟ್ಟಣಗಳಲ್ಲಿ ವರ್ತಕರ ಒಂಟೆ ಕತ್ತೆಗಳಿಗೂ ಮನುಷ್ಯರಿಗೂ ಒಂದೇ ಅಂಗಳವನ್ನು ಒದಗಿಸುವ ಖಾನ್‌ಗಳು. ಅಲ್ಲಿ ಹಣ ಕೊಡಬೇಕು. ಹಳ್ಳಿಗಳಲ್ಲಾದರೋ ಊರಿನ ಮುಖ್ಯಸ್ಥನ ಮನೆಗೆ ಹೊಂದಿದಂತೆಯೋ ಊರೊಟ್ಟಿನದಾಗಿಯೋ ಓದಾ ಎಂಬ ಅತಿಥಿಕೋಣೆ ಇರುತ್ತಿದ್ದಿತು. ಬಂದವನು ಯಾರೇ ಆಗಲಿ ಅಲ್ಲಿ ಮಲಗಬಹುದು, ಅವನ ಊಟ ಊರಿನ ಮನೆಗಳಿಂದ ಬರುತ್ತಿದ್ದಿತು, ಬಾಡಿಗೆಯೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ನಮ್ಮ ನಾಡಿನ ಛತ್ರ ಅರವಟ್ಟಿಗೆಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ನಮ್ಮ ಛತ್ರಗಳು ಬಹುಮಟ್ಟಿಗೆ ಒಬ್ಬ ದಾನಿಯ ದತ್ತಿಯಿಂದ ನಡೆದುವು, ಆನತೋಲಿಯದ ಓದಾ ಊರಿನವರ ನಿತ್ಯದ ಬುತ್ತಿಯಿಂದಲೇ ನಡೆಯಿತು ಎಂಬ ಭೇದವನ್ನು ಗಮನಿಸತಕ್ಕದ್ದು. ಬಡ ಹಳ್ಳಿಯೊಂದು ತನ್ನ ರೊಟ್ಟಿಯಲ್ಲಿ ಅಪರಿಚಿತನ ಪಾಲನ್ನು ಪ್ರತಿದಿನವೂ ಎತ್ತಿಡುವುದು ಅರಸನೊಬ್ಬನು ಭೂಮಿಯನ್ನು ಬಿಟ್ಟುಕೊಡುವುದಕ್ಕಿಂತ ಕಿರಿದಾದ ಧರ್ಮವಲ್ಲ.

ಈ ಕೋಣೆಗಳಲ್ಲಿ ಸ್ಟೀವನ್ಸನು ರೊಟ್ಟಿ ಮೊಸರುಗಳನ್ನು ಉಂಡನು, ಕುರ್ದ್ ಜನರ ಕರಿಯ ಕಂಬಳಿಯ ಡೇರೆಗಳಲ್ಲಿ ಹಿರಿಯರ ಪಕ್ಕದಲ್ಲಿಯೇ ಕುಳಿತು ಅನ್ನ ಮಾಂಸಗಳನ್ನು ಉಂಡನು. ಆದರೆ ಅವನ ಪುಟಗಳ ಉದ್ದಕ್ಕೂ ಒಂದು ಗೊಣಗಾಟ ಕೇಳಿಬರುತ್ತದೆ: ಊರಿಗೆ ಕಾಲಿಟ್ಟ ಕೂಡಲೆ ಗುಂಪು ಕೂಡುತ್ತದೆ, ಬೈಸಿಕಲ್ಲನ್ನು ಹತ್ತಿ ತೋರಿಸೆಂದು ಕೂಗುತ್ತದೆ, ಒಮ್ಮೆ ತೋರಿಸಿದರೆ ಇನ್ನೊಮ್ಮೆ ಎನ್ನುತ್ತದೆ, ಹಸಿದು ದಣಿದು ಬಂದವನನ್ನು ಊಟಕ್ಕೆ ಕೂರಗೊಡದೆ ಕಲ್ಲಿನ ಓಣಿಗಳಲ್ಲಿ ಮತ್ತೆ ಮತ್ತೆ ಸುತ್ತಿಸುತ್ತದೆ ಎಂದು. ಅವನ ಬಳಲಿಕೆಯನ್ನು ನಾನು ಅಲ್ಲಗಳೆಯೆನು. ಆದರೂ ವಿಚಾರಮಾಡಿ ನೋಡಿದರೆ, ಹಣವನ್ನು ಮುಟ್ಟದ ಆತಿಥೇಯನಿಗೆ ಅತಿಥಿಯು ಸಲ್ಲಿಸಬಹುದಾದ ಕಾಣಿಕೆ ಅದೊಂದೇ ಆಗಿದ್ದಿತು. ವರ್ತಮಾನಪತ್ರಿಕೆಯಿಲ್ಲದ ಊರುಗಳಲ್ಲಿ ದಾರಿಹೋಕನು ಹೊರಲೋಕದ ಸುದ್ದಿಯನ್ನು ತಂದು ಇರುಳಿನಲ್ಲಿ ಹೇಳುವುದು ಪುರಾತನ ಋಣವಿಮೋಚನೆ. ಇವನಿಗೆ ಭಾಷೆ ಬಾರದು, ಆದುದರಿಂದ ಇವನ ಸುದ್ದಿಯೆಲ್ಲ ಆ ಚಕ್ರದಲ್ಲಿಯೇ ಇದ್ದಿತು. ಅದನ್ನು ನೋಡಬಯಸಿದವರು ತಮಗೆ ಸಲ್ಲಬೇಕಾದುದನ್ನೇ ಕೇಳಿದರೆಂದು ನನ್ನ ಅಭಿಪ್ರಾಯ.

ಇರಾನಿನಲ್ಲಿ ಆಶ್ರಯದ ರೂಪವೇ ಬೇರೆ. ಅಲ್ಲಿಯ ಹೆದ್ದಾರಿಗಳ ಮೇಲೆ ಒಂದೊಂದು ದಿನದ ಪಯಣಕ್ಕೆ ಒಂದೊಂದರಂತೆ ಕಾರವಾನ್ ಸರಾಯ್‌ಗಳು ನಿಂತಿದ್ದುವು. ಕೋಟೆಯಂತಹ ಗೋಡೆ, ಒಂದೇ ಹೆಬ್ಬಾಗಿಲು, ಚೌಕವಾದ ಅಂಗಳ, ಸುತ್ತಲೂ ಕಮಾನಿನ ಬರಿಯ ಗೂಡುಗಳು. ಇವುಗಳಲ್ಲಿ 999ನ್ನು ಷಾ ಅಬ್ಬಾಸನು ಕಟ್ಟಿಸಿದನೆಂಬುದು ಜನಜನಿತವಾದ ಮಾತು. ಇವಲ್ಲದೆ ಸರಕಾರದ ಅಂಚೆಯ ಕುದುರೆಗಳನ್ನು ಬದಲಾಯಿಸುವ ಚಾಪಾರ್‌ಖಾನೆಗಳಿದ್ದು, ಅವುಗಳ ಬಾಗಿಲಿನ ಮೇಲಣ ಮಾಳಿಗೆಯ ಕೋಣೆ ದಾರಿಗರಿಗೆ ಲಭಿಸುತ್ತಿದ್ದಿತು. 1885–86ರ ಚಳಿಗಾಲವನ್ನು ಟೆಹರಾನಿನಲ್ಲಿ ಕಳೆದ ಸ್ಟೀವನ್ಸನು ನಾಸಿರುದ್ದೀನ್ ಷಾನ ಅಪೇಕ್ಷೆಯಂತೆ ಅರಸನ ಸಮ್ಮುಖದಲ್ಲಿ ಸವಾರಿಮಾಡಿ, ದೋಷಾನ್ ತೆಪ್ಪೆಯ ಅರಮನೆಯವರೆಗೂ ಹೋದುದನ್ನು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಅರಸನ ಆ ಕುತೂಹಲಕ್ಕೂ ಆನತೋಲಿಯದ ದನಗಾಹಿಯ ಕುತೂಹಲಕ್ಕೂ ಸ್ವರೂಪದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಆದರೆ ಒಂದನ್ನು ಅವನು ಅನುಗ್ರಹವೆಂದನು, ಇನ್ನೊಂದನ್ನು ಉಪದ್ರವವೆಂದನು. ವಸಂತದಲ್ಲಿ ಅವನು ಮಶ್ಹದ್ ಕ್ಷೇತ್ರದ ಹಾದಿ ಹಿಡಿದನು. ಇಮಾಮ್ ರಜಾ ಅವರ ಸಮಾಧಿಯ ದರ್ಶನಕ್ಕೆಂದು ದೂರದೂರದಿಂದ ಕಾಲ್ನಡಿಗೆಯಲ್ಲಿಯೂ ಕತ್ತೆಗಳ ಮೇಲೆಯೂ ಬರುವ ಯಾತ್ರಿಕರ ಹಾದಿಯದು. ಪುಣ್ಯಾಪೇಕ್ಷಿಗಳ ಆ ಪ್ರವಾಹದಲ್ಲಿ ಬೈಸಿಕಲ್ಲಿನ ಪರದೇಶಿಯೂ ಒಬ್ಬ ಯಾತ್ರಿಕನಾಗಿ ಸೇರಿಹೋದನು.

ಇಲ್ಲಿ ಗ್ರಂಥಕರ್ತನ ದೊಡ್ಡ ದೋಷವೊಂದನ್ನು ಹೇಳದೆ ಮುಂದುವರಿಯುವುದು ಪ್ರಾಮಾಣಿಕತೆಯಾಗದು. ತನಗೆ ಅನ್ನವಿತ್ತವರನ್ನೇ ಅವನು ಅನೇಕ ಕಡೆ ಅನಾಗರಿಕರೆಂದೂ ಮೂಢರೆಂದೂ ಹೀನಾಯವಾಗಿ ಕರೆಯುತ್ತಾನೆ. ರಾಯಭಾರಿಗಳ, ತಂತಿಕಚೇರಿಯ ಆಂಗ್ಲರ, ಪಾದ್ರಿಗಳ ಹೆಸರುಗಳನ್ನು ಗೌರವದಿಂದ ದಾಖಲಿಸುವ ಲೇಖನಿಯು ಹಳ್ಳಿಯ ಆತಿಥೇಯನ ಹೆಸರನ್ನು ಕೇಳುವ ಶ್ರಮವನ್ನು ಬಹುಮಟ್ಟಿಗೆ ವಹಿಸಲಿಲ್ಲ. ಅದು ಆ ಯುಗದ ಸಾಮ್ರಾಜ್ಯಮದದ ರೋಗವೆಂದು ಕೆಲವರು ಸಮಾಧಾನ ಹೇಳಬಹುದು. ಆದರೆ ಉಂಡ ಮನೆಯನ್ನು ಹಳಿಯಬಾರದೆಂಬ ತಿಳಿವಳಿಕೆ ಯಾವ ಯುಗಕ್ಕೂ ಹೊಸದಲ್ಲ.

ರಷ್ಯನ್ನರು ತಮ್ಮ ಸೀಮೆಯ ಮೂಲಕ ಹೋಗಲು ಅನುಮತಿಯನ್ನು ಕೊಡದೆ ಹೋದುದರಿಂದ ಅವನು ಆಫ್ಘಾನಿಸ್ತಾನವನ್ನು ಪ್ರವೇಶಿಸಿದನು. ಫರಾ ಎಂಬಲ್ಲಿ ತಡೆಯಲ್ಪಟ್ಟು, ಹೆರಾತಿನ ಬಳಿಗೆ ಒಯ್ಯಲ್ಪಟ್ಟು, ಇರಾನಿಗೆ ಹಿಂದಿರುಗಿಸಲ್ಪಟ್ಟನು. ಹಡಗಿನಲ್ಲಿ ಬಳಸಿಕೊಂಡು ಕರಾಚಿಗೆ ಬಂದು, ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಮಳೆಗಾಲದ ಸೆಕೆಯನ್ನು ಸಹಿಸುತ್ತ ಸವಾರಿಮಾಡಿದನು. ರಸ್ತೆ ಉತ್ತಮ, ಸಾಲುಮರಗಳ ನೆರಳು ಸಮೃದ್ಧ, ಡಾಕ್ ಬಂಗಲೆಗಳಲ್ಲಿ ಖಾನ್‌ಸಾಮನೂ ಪಂಕ ಎಳೆಯುವವನೂ ಸಿದ್ಧ. ಆದರೂ, ಭಾರತೀಯನಾದ ಓದುಗನಿಗೆ ನಿರಾಶೆಯಾಗುವಂತೆ, ಜನರನ್ನು ಕುರಿತು ಗ್ರಂಥದಲ್ಲಿ ಅತ್ಯಂತ ಬಡವಾದ ಭಾಗ ಇದೇ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಡಾಕ್ ಬಂಗಲೆ ಆಳುವವರ ಸೌಕರ್ಯಕ್ಕಾಗಿ ಆಳುವವರು ಕಟ್ಟಿದ ಮನೆ. ಅಲ್ಲಿ ಅನ್ನವಿಕ್ಕುವವನು ಗೃಹಸ್ಥನಲ್ಲ, ಸಂಬಳದ ಆಳು. ಪಕ್ಕದಲ್ಲಿಯೇ ಧರ್ಮಶಾಲೆಯಿದ್ದರೂ, ಬಾವಿಯ ಕಟ್ಟೆಯಿದ್ದರೂ, ಬೇಡುವ ಅವಶ್ಯಕತೆ ಇಲ್ಲದವನಿಗೆ ಅವುಗಳ ಪರಿಚಯವಾಗಲಿಲ್ಲ.

ಚೀನದಲ್ಲಿ ಅವಶ್ಯಕತೆ ಅತ್ಯಂತ ಘೋರರೂಪದಿಂದ ಬಂದಿತು. ಫ್ರಾನ್ಸಿನೊಡನೆ ನಡೆದ ಯುದ್ಧ 1885ರಲ್ಲಿ ಮುಗಿದಿದ್ದರೂ ವಿದೇಶೀಯರ ಮೇಲಣ ಜನರ ಕ್ರೋಧ ಆರಿರಲಿಲ್ಲ. ಕ್ಯಾಂಟನ್ನಿನಿಂದ ಯಾಂಗ್‌ತ್ಸೆ ತೀರದ ಕಡೆಗೆ ಒಬ್ಬಂಟಿಗನಾಗಿ ಹೋಗುತ್ತಿದ್ದವನ ಮೇಲೆ ಜಿಯಾಂಗ್ಸಿ ಪ್ರಾಂತದ ಪಟ್ಟಣದಲ್ಲಿ ಗುಂಪು ಕಲ್ಲು ತೂರಿತು. ಅಲ್ಲಿಯ ಅಧಿಕಾರಿಯ ಯಾಮೆನ್ ಎಂಬ ಕಚೇರಿಮನೆಯಲ್ಲಿ ಅವನು ಆಶ್ರಯ ಪಡೆದು, ಕಾವಲಿನವರೊಡನೆ ದೋಣಿಯಲ್ಲಿ ಕಳುಹಿಸಲ್ಪಟ್ಟನು. ವಿದೇಶೀಯನಿಗೆ ಅಪಾಯವಾದರೆ ಒಪ್ಪಂದಗಳ ಪ್ರಕಾರ ತಾನು ಉತ್ತರವಾದಿಯಾಗಬೇಕಾಗುವುದೆಂಬ ಭಯವೂ ಆ ಅಧಿಕಾರಿಗೆ ಇದ್ದಿತೆಂಬುದು ನಿಜ. ಆದರೆ ಕೆರಳಿದ ತನ್ನ ಜನರಿಗೂ ಪರಕೀಯನಿಗೂ ನಡುವೆ ಅವನು ನಿಂತುದೂ ನಿಜ. ಜಪಾನಿನ ಒಳನಾಡಿನಲ್ಲಿ ತಿರುಗಲು ಆಗ ವಿದೇಶೀಯರಿಗೆ ರಹದಾರಿ ಬೇಕಾಗಿದ್ದಿತು; ಅದೊಂದನ್ನು ಬಿಟ್ಟರೆ ಅವನಿಗೆ ಅಲ್ಲಿ ತೊಂದರೆಯಿಲ್ಲ. ಯಾದೊಯಾ ಎಂಬ ವಸತಿಗೃಹಗಳ ಬಿಸಿನೀರು, ಚಹಾ, ಅಗ್ಗಿಷ್ಟಿಕೆ, ವಿನಯಗಳ ನಡುವೆ ಅವನ ಯಾತ್ರೆ ಮುಗಿಯಿತು.

ಆತಿಥ್ಯವು ಎಲ್ಲ ಕಾಲಕ್ಕೂ ನಿಂತಿರುವ ಬಂಡೆಯಲ್ಲ. ರಾಜಕೀಯದ ಬಿರುಗಾಳಿಗೆ ಅದು ಅಲುಗುತ್ತದೆ. ಸ್ಟೀವನ್ಸನು ಹಾದುಹೋದ ಒಂಬತ್ತು ವರ್ಷಗಳ ತರುವಾಯ, 1894ರಲ್ಲಿ, ಪಿಟ್ಸ್‌ಬರ್ಗಿನ ಫ್ರಾಂಕ್ ಲೆಂಜ್ ಎಂಬ ಸವಾರನು ಚೀನ, ಬರ್ಮ, ಭಾರತ, ಇರಾನ್‌ಗಳನ್ನು ದಾಟಿ ತಬ್ರೀಜಿನಿಂದ ಎರ್ಜುರುಮಿನತ್ತ ಹೊರಟವನು ಹಾದಿಯಲ್ಲಿ ಕಣ್ಮರೆಯಾದನು. ಅವನು ಹತನಾದನೆಂದೇ ಅವನನ್ನು ಹುಡುಕಲು ಹೋದ ವಿಲಿಯಂ ಸಾಕ್ಟ್‌ಲೆಬೆನ್ ನಿರ್ಣಯಿಸಿದನು. ಈತನು ತಾನೂ ತನ್ನ ಗೆಳೆಯ ಥಾಮಸ್ ಆಲೆನನೊಡನೆ ಕಾನ್‌ಸ್ಟಾಂಟಿನೋಪಲ್ಲಿನಿಂದ ಪೀಕಿಂಗ್‌ವರೆಗೆ ಬೈಸಿಕಲ್ಲಿನಲ್ಲಿ ಹೋಗಿದ್ದವನು. ಆ ವರ್ಷಗಳಲ್ಲಿ ಆ ಪ್ರಾಂತದಲ್ಲಿ ಅರ್ಮೇನಿಯನ್ನರ ಸಾಮೂಹಿಕ ಹತ್ಯೆಗಳು ನಡೆದುವು. ನೆರೆಯವನನ್ನೇ ಕೊಲ್ಲುವ ನಾಡಿನಲ್ಲಿ ಪರದೇಶಿಯ ಪ್ರಾಣಕ್ಕೆ ಹೊಣೆ ಯಾರು?

ನಮ್ಮವರೂ ಈ ದಾರಿಯಲ್ಲಿ ಹೋದರು. ಆ ಸಂಗತಿಯನ್ನು ಇನ್ನೂ ಹೆಚ್ಚು ಜನ ತಿಳಿದಿರಬೇಕಾಗಿದ್ದಿತು. 1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗಾರಾ ಎಂಬ ಮೂವರು ಸುಮಾರು 44,000 ಮೈಲಿಗಳನ್ನು ಮುಗಿಸಿ 1928ರ ಮಾರ್ಚ್ 18ರಂದು ಹಿಂದಿರುಗಿದರು. ಬಲೂಚಿಸ್ತಾನ, ಇರಾನ್, ಇರಾಕ್‌ಗಳ ಮೂಲಕ, ಬಾಗ್ದಾದಿನಿಂದ ಅಲೆಪ್ಪೊವರೆಗಿನ ಮರಳುಗಾಡನ್ನೂ ದಾಟಿ ಅವರು ಯೂರೋಪನ್ನು ಸೇರಿದರು. ಸ್ಟೀವನ್ಸನು ಸಾಮ್ರಾಜ್ಯದ ಪ್ರಜೆಯೆಂಬ ಗತ್ತಿನಿಂದ ಹೋದ ಹಾದಿಯಲ್ಲಿ ಇವರು ಪರಾಧೀನ ದೇಶದ ಪ್ರಜೆಗಳಾಗಿ ಹೋದರು. ಅವನಿಗೆ ವಿಚಿತ್ರಪ್ರದೇಶವಾಗಿದ್ದ ಇರಾನ್ ಇವರಿಗೆ ಪೂರ್ವಜರ ನೆಲ. 1931ರಲ್ಲಿ ಪ್ರಕಟವಾದ ಇವರ ಪ್ರವಾಸಗ್ರಂಥಕ್ಕೆ ಜವಾಹರಲಾಲ್ ನೆಹರೂ ಅವರು ಮುನ್ನುಡಿ ಬರೆದರು. ಈ ಗ್ರಂಥ ಕನ್ನಡಕ್ಕೆ ಬರತಕ್ಕದ್ದು. ಸಮರ್ಥರು ಯಾರಾದರೂ ಆ ಕಾರ್ಯವನ್ನು ಕೈಗೊಂಡರೆ ನಮ್ಮ ಪ್ರವಾಸಸಾಹಿತ್ಯಕ್ಕೆ ಉಪಕಾರವಾದೀತು.

ಸ್ಟೀವನ್ಸನ ಬೈಸಿಕಲ್ಲನ್ನು ಅದನ್ನು ತಯಾರಿಸಿದ ಪೋಪ್ ಸಂಸ್ಥೆಯವರು ಬಹುಕಾಲ ಕಾಪಾಡಿಕೊಂಡಿದ್ದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಹಳೆಯ ಕಬ್ಬಿಣದ ಸಂಗ್ರಹಕ್ಕೆ ಸೇರಿಹೋಯಿತು. ಗ್ರಂಥವಂತೂ ಉಳಿದಿದೆ. ಎರಡು ಸಂಪುಟಗಳನ್ನೂ ಓದಲು ವ್ಯವಧಾನವಿಲ್ಲದವರು ಮೊದಲನೆಯದನ್ನು ತೆಗೆದುಕೊಂಡು, ಅಮೆರಿಕ ಯೂರೋಪುಗಳನ್ನು ಬದಿಗಿಟ್ಟು, ಇಜ್ಮಿತ್‌ನಿಂದ ಟೆಹರಾನಿನವರೆಗಿನ ಅಧ್ಯಾಯಗಳನ್ನು ಓದಲಿ. ಗ್ರಂಥಕರ್ತನ ಕಟುವಾದ ಮಾತುಗಳನ್ನು ಮನ್ನಿಸಿ, ರೊಟ್ಟಿಯನ್ನು ತಂದಿಟ್ಟವರ ಕಡೆಗೆ ಲಕ್ಷ್ಯವನ್ನಿಟ್ಟು ಓದಲಿ.