ಸೌದೆಯ ಲೆಕ್ಕ ಮತ್ತು ಆಯೋಗದ ಅಧಿಕಾರ: 1999ರ ಜನವರಿ ಆದೇಶದ ಮರುಓದು

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಬಗ್ಗೆ ನಮ್ಮ ಕಾನೂನು ಬರಹಗಳಲ್ಲಿ ಒಂದು ತೀರ್ಮಾನ ಕೈಯಿಂದ ಕೈಗೆ ದಾಟುತ್ತ ಬಂದಿದೆ: ಅದು ಹಲ್ಲಿಲ್ಲದ ಹುಲಿ. ಆಧಾರಗಳೂ ಸಿದ್ಧವಾಗಿವೆ. 1993ರ ಕಾಯ್ದೆಯ 36(2)ನೇ ಕಲಂ ಒಂದು ವರ್ಷಕ್ಕಿಂತ ಹಳೆಯ ಘಟನೆಗಳ ವಿಚಾರಣೆಯನ್ನು ತಡೆಯುತ್ತದೆ. 19ನೇ ಕಲಂ ಸಶಸ್ತ್ರ ಪಡೆಗಳ ಮೇಲಿನ ದೂರುಗಳಲ್ಲಿ ಕೇಂದ್ರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡುವುದಕ್ಕಷ್ಟೇ ಅವಕಾಶ ಕೊಡುತ್ತದೆ. ಶಿಫಾರಸುಗಳನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಸರ್ಕಾರಕ್ಕಿಲ್ಲ. ಮಣಿಪುರದ ಎನ್‌ಕೌಂಟರ್ ಹತ್ಯೆಗಳ ಪ್ರಕರಣದಲ್ಲಿ ಆಯೋಗದ ಪರ ವಕೀಲರೇ ಈ ಹುಲಿಯ ಮಾತನ್ನಾಡಿದ್ದು ಸುಪ್ರೀಂ ಕೋರ್ಟಿನ 2016ರ ತೀರ್ಪಿನಲ್ಲಿ ದಾಖಲಾಗಿದೆ.

ಕಲಂಗಳ ಈ ಓದು ಸರಿ. ಆದರೆ ಆಯೋಗದ ಚರಿತ್ರೆಯನ್ನೆಲ್ಲ ಇದರಿಂದಲೇ ವಿವರಿಸಬಹುದೆನ್ನುವುದು ತಪ್ಪು. ಈ ಅಡ್ಡಿಗಳಲ್ಲಿ ಮುಖ್ಯವಾದವು ಸರಿದುಹೋದ ಪ್ರಕರಣವೊಂದು ಆಯೋಗದ ಮುಂದೆ ಹದಿನೈದು ವರ್ಷ ಇತ್ತು: ಪೊಲೀಸರು ಕೊಂದವರನ್ನು ವಾರಸುದಾರರಿಲ್ಲದ ಶವಗಳೆಂದು ಸುಟ್ಟರೆಂಬ ಆರೋಪದ, ಪಂಜಾಬಿನ ಸಾಮೂಹಿಕ ಶವದಹನದ ಪ್ರಕರಣ. ಕನ್ನಡದ ಕಾನೂನು ಬರಹಗಾರರು ಇದಕ್ಕೆ ಒಂದು ಸಾಲು ಕೊಟ್ಟು, ಪರಿಹಾರದ ಮೊತ್ತ ಬರೆದು ಮುಂದೆ ಹೋಗುತ್ತಾರೆ. ಈ ಅವಸರವೇ ಆ ಸುಲಭದ ತೀರ್ಮಾನವನ್ನು ಬದುಕಿಸಿದೆ.

ಮೂಲ ಸಾಕ್ಷ್ಯ ಸ್ಮಶಾನದ ಲೆಕ್ಕಪುಸ್ತಕ. ಪೊಲೀಸರು ತಂದ ವಾರಸುದಾರರಿಲ್ಲದ ಶವಗಳಿಗೆ ಸೌದೆ ಕೊಟ್ಟಾಗ ಖರ್ಚು ತೋರಿಸಲೇಬೇಕಿತ್ತು. ಹಾಗಾಗಿ ಕೊಂದವರು ಬರೆದಿಡದ ಸಂಗತಿ ಸೌದೆಯ ಬಾಬ್ತಿನಲ್ಲಿ ಉಳಿಯಿತು. ಮಾನವ ಹಕ್ಕು ಕಾರ್ಯಕರ್ತ ಜಸ್ವಂತ್ ಸಿಂಗ್ ಖಾಲ್ಡಾ 1995ರ ಜನವರಿಯಲ್ಲಿ ಈ ಲೆಕ್ಕಗಳನ್ನು ಹೊರಗಿಟ್ಟರು. ಅದೇ ಸೆಪ್ಟೆಂಬರ್ 6ರಂದು ಅಮೃತಸರದ ಮನೆಯ ಬಳಿ ಅವರ ಅಪಹರಣವಾಯಿತು. ಆ ಪ್ರಕರಣದಲ್ಲಿ ಆರು ಪೊಲೀಸರು ತಪ್ಪಿತಸ್ಥರೆಂದು ತೀರ್ಪಾದದ್ದು 2005ರಲ್ಲಿ. ಸುಪ್ರೀಂ ಕೋರ್ಟ್ ಆದೇಶದಂತೆ ಸಿಬಿಐ ಅಮೃತಸರ, ತರನ್ ತಾರನ್, ಪಟ್ಟಿಯ ಸ್ಮಶಾನಗಳನ್ನು ಪರಿಶೀಲಿಸಿ 2,097 ದಹನಗಳನ್ನು ಪಟ್ಟಿ ಮಾಡಿತು: ಪೂರ್ತಿ ಗುರುತು ಸಿಕ್ಕವರು 585, ಭಾಗಶಃ ಸಿಕ್ಕವರು 274, ಗುರುತೇ ಸಿಗದವರು 1,238.

ಈ 585ರ ಮುಂದೆ ಸ್ವಲ್ಪ ನಿಲ್ಲಬೇಕು. ತಡವಾಗಿ ಬಂದ ತನಿಖಾ ಸಂಸ್ಥೆಯೊಂದು ಇಷ್ಟು ಶವಗಳ ಗುರುತನ್ನು ಪೂರ್ತಿಯಾಗಿ ಪತ್ತೆ ಹಚ್ಚಬಹುದಾಗಿದ್ದರೆ, ಶವ ಕೈಯಲ್ಲೇ ಇದ್ದಾಗ ಪೊಲೀಸರಿಗೆ ಅದು ಅಸಾಧ್ಯವಾಗಿತ್ತೆಂದು ನಂಬುವುದು ಹೇಗೆ? ಗುರುತು ಸಿಗದ ಶವವನ್ನು ಏನು ಮಾಡಬೇಕೆಂದು ಪಂಜಾಬ್ ಪೊಲೀಸ್ ನಿಯಮಗಳು ಹೇಳಿದ್ದವು. ಹಾಗಿರುವಾಗ ಈ ಸಂಖ್ಯೆ ಬರಿಯ ದಾಖಲೆಯ ಲೋಪವನ್ನು ತೋರಿಸುತ್ತಿಲ್ಲ. ಮನೆಯವರಿಗೆ ಶವ ಸಿಗದಂತೆ ನೋಡಿಕೊಂಡ ಒಂದು ಪದ್ಧತಿಯ ಕಡೆ ಬೆರಳು ಮಾಡುತ್ತಿದೆ. ಪದ್ಧತಿಯೊಂದು ಮೂರು ಸ್ಮಶಾನಗಳ ಬೇಲಿಯೊಳಗೇ ನಿಂತಿತ್ತೇ ಎಂಬುದು ಸಹಜವಾಗಿ ಮುಂದಿನ ಪ್ರಶ್ನೆಯಾಗಬೇಕಿತ್ತು.

ಆ ಪ್ರಶ್ನೆಯನ್ನು ಕೇಳುವ ಅಧಿಕಾರ ಆಯೋಗಕ್ಕಿತ್ತೇ? ವಾದ ನಿಂತಿರುವುದೇ ಇಲ್ಲಿ. 1996ರ ಡಿಸೆಂಬರ್ 12ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ಆಯೋಗಕ್ಕೆ ಒಪ್ಪಿಸುತ್ತ, ಎರಡೂ ಕಡೆಯ ವಕೀಲರು ಎತ್ತುವ ಎಲ್ಲ ಪ್ರಶ್ನೆಗಳನ್ನೂ ನಿರ್ಧರಿಸಬೇಕೆಂದು ಕೋರಿತು. ಆಯೋಗ ಗೊತ್ತುಮಾಡುವ ಪರಿಹಾರ ಕಡ್ಡಾಯವೆಂದೂ ಹೇಳಿತು. ಕೇಂದ್ರ ಸರ್ಕಾರ 36(2)ನೇ ಕಲಮನ್ನು ಮುಂದಿಟ್ಟು ತಕರಾರು ತೆಗೆಯಿತು. 1997ರ ಆಗಸ್ಟ್ 4ರಂದು ಆಯೋಗ ಅದನ್ನು ತಳ್ಳಿಹಾಕಿತು: ತಾನಿಲ್ಲಿ ಸಂವಿಧಾನದ 32ನೇ ವಿಧಿಯಡಿ ನ್ಯಾಯಾಲಯ ವಹಿಸಿದ ಕೆಲಸ ಮಾಡುತ್ತಿದ್ದೇನೆ, ಕಾಯ್ದೆಯ ಕಾಲಮಿತಿ ತನ್ನನ್ನು ಕಟ್ಟಿಹಾಕದು ಎಂದಿತು. 1998ರ ಸೆಪ್ಟೆಂಬರ್ 10ರಂದು ಸುಪ್ರೀಂ ಕೋರ್ಟ್ ಈ ನಿಲುವನ್ನು ಎತ್ತಿಹಿಡಿಯಿತು. ನಮ್ಮ ಪಠ್ಯಗಳು ಪಟ್ಟಿ ಮಾಡುವ ಕೊರತೆಗಳಲ್ಲಿ ಕಾಲಮಿತಿ ಅಲ್ಲಿಗೆ ಹೋಯಿತು. ಶಿಫಾರಸಿನ ದೌರ್ಬಲ್ಯ ಪರಿಹಾರದ ಮಟ್ಟಿಗೆ ಮೊದಲೇ ಹೋಗಿತ್ತು. ಆರೋಪ ಪೊಲೀಸರ ಮೇಲಿದ್ದುದರಿಂದ 19ನೇ ಕಲಮಿಗೆ ಇಲ್ಲಿ ಕೆಲಸವೇ ಇರಲಿಲ್ಲ.

ನಾಲ್ಕು ತಿಂಗಳಲ್ಲಿ, 1999ರ ಜನವರಿ 13ರಂದು, ಅದೇ ಆಯೋಗ ತನ್ನ ವಿಚಾರಣೆ ಸಿಬಿಐ ಪಟ್ಟಿಯ ದಹನಗಳಿಗೆ ಸೀಮಿತವೆಂದು ಆದೇಶಿಸಿತು. ಇಡೀ ಪಂಜಾಬಿನ ಕಣ್ಮರೆ ಪ್ರಕರಣಗಳನ್ನು ಕೇಳಬೇಕೆಂದು ವಾದಿಸಿದ್ದ ಅರ್ಜಿದಾರರು ಹೊರಗುಳಿದರು.

ಈ ಆದೇಶದ ಪರವಾಗಿ ಹೇಳಬಹುದಾದ್ದು ಇಲ್ಲವೆಂದಲ್ಲ. ನ್ಯಾಯಾಲಯದ ಮುಂದಿದ್ದುದು ಅಮೃತಸರ ಜಿಲ್ಲೆಯ ದಹನಗಳ ದೂರು, ಸಿಬಿಐ ತನಿಖೆ ಮಾಡಿದ್ದೂ ಅದನ್ನೇ. ಒಪ್ಪಿಸಿದ್ದಕ್ಕಿಂತ ಹೆಚ್ಚನ್ನು ಆಯೋಗ ಎಳೆದುಕೊಳ್ಳಬಾರದು ಎಂಬ ವಾದಕ್ಕೆ ತೂಕವಿದೆ, ಸುಪ್ರೀಂ ಕೋರ್ಟೂ ಮುಂದೆ ಈ ಮಿತಿಯನ್ನು ಬದಲಿಸಲಿಲ್ಲ. ಆದರೆ 'ಎಲ್ಲ ಪ್ರಶ್ನೆಗಳು' ಎಂಬ ಒಪ್ಪಿಸುವಿಕೆಗೆ ಆಗಸ್ಟಿನಲ್ಲಿ ಸಂವಿಧಾನದಷ್ಟು ಹರವು ಕೊಟ್ಟವರು ಜನವರಿಯಲ್ಲಿ ಮೂರು ಸ್ಮಶಾನಗಳಷ್ಟು ಜಾಗ ಕೊಡುವುದಕ್ಕೆ ಬೇರೆ ಕಾರಣ ಬೇಕು. ಕಾಯ್ದೆಯಲ್ಲಿ ಅದು ಸಿಗುವುದಿಲ್ಲ. ಮಿತಿಯನ್ನು ಹಾಕಿಕೊಂಡದ್ದು ಆಯೋಗವೇ. ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು ಓದದವರಿಗೆ ಇದು ಕಾಣುವುದಿಲ್ಲ, ಮತ್ತು ನಮ್ಮಲ್ಲಿ ಬಹುಮಂದಿ ಓದಿಲ್ಲವೆಂದು ಹೇಳಲು ನನಗೆ ಸಂಕೋಚವಿಲ್ಲ.

ಎರಡೂ ಆದೇಶಗಳ ಕಾಲಕ್ಕೆ ಅಧ್ಯಕ್ಷರಾಗಿದ್ದವರು ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ, ನಮ್ಮ ಬೆಂಗಳೂರಿನವರು. ಅವರ ಪಾಂಡಿತ್ಯ, ಸಜ್ಜನಿಕೆಗಳ ಬಗ್ಗೆ ನನಗಿರುವ ಗೌರವ ಸಣ್ಣದಲ್ಲ. ಆಗಸ್ಟ್ ಆದೇಶ ಭಾರತದ ಮಾನವ ಹಕ್ಕು ಕಾನೂನಿನ ದೊಡ್ಡ ಬರಹಗಳಲ್ಲೊಂದು ಎಂದೇ ನಂಬಿದ್ದೇನೆ. ಆದರೆ ಆಗಸ್ಟನ್ನು ಕೊಂಡಾಡಿ ಜನವರಿಯನ್ನು ಬಿಟ್ಟುಬಿಡುವ ಅಭಿನಂದನಾ ಬರಹಗಳು ಆ ಗೌರವಕ್ಕೆ ತಕ್ಕವಲ್ಲ.

ಜನವರಿ ಹಾಕಿಕೊಟ್ಟ ಜಾಡಿನಲ್ಲೇ ಉಳಿದದ್ದೆಲ್ಲ ನಡೆಯಿತು. 2004ರ ನವೆಂಬರಿನಲ್ಲಿ, ಸಾಯುವ ಮೊದಲು ಪೊಲೀಸ್ ವಶದಲ್ಲಿದ್ದರೆಂದು ಸರ್ಕಾರವೇ ಒಪ್ಪಿದ 109 ಮಂದಿಯ ಕುಟುಂಬಗಳಿಗೆ ತಲಾ 2.5 ಲಕ್ಷ ರೂಪಾಯಿ. 2006ರಲ್ಲಿ, ದಹನದ ನಿಯಮ ಮುರಿದದ್ದಕ್ಕಾಗಿ ಗುರುತು ಸಿಕ್ಕ ಉಳಿದವರ ಕುಟುಂಬಗಳಿಗೆ ತಲಾ 1.75 ಲಕ್ಷ. 2012ರಲ್ಲಿ ಕಡತ ಮುಚ್ಚುವಾಗ 1,513 ಮಂದಿಯ ಲೆಕ್ಕದಲ್ಲಿ 27.94 ಕೋಟಿ ರೂಪಾಯಿ. ಕೊಂದದ್ದು ಯಾರು, ಏಕೆ ಎಂಬ ತೀರ್ಮಾನಕ್ಕೆ ಆಯೋಗ ಕೈಹಾಕಲಿಲ್ಲ. 1.75 ಲಕ್ಷ ಪಡೆದ ತಾಯಿಗೆ ಸಿಕ್ಕ ಅಧಿಕೃತ ಉತ್ತರ ಇಷ್ಟೇ: ನಿನ್ನ ಮಗನನ್ನು ಸುಡುವಾಗ ನಿಯಮ ಪಾಲಿಸಲಿಲ್ಲ. ಅವನು ಸತ್ತದ್ದು ಹೇಗೆ ಎಂಬುದೇ ಅವಳ ಪ್ರಶ್ನೆಯಾಗಿತ್ತು.

ಸ್ವತಂತ್ರ ಸಂಸ್ಥೆ ಎಂದರೇನು ಎಂಬ ಚರ್ಚೆ ಈ ಸಾಕ್ಷ್ಯದಿಂದ ಶುರುವಾಗಬೇಕು. 1993ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಪ್ಯಾರಿಸ್ ತತ್ವಗಳು ಸದಸ್ಯರ ಬಹುತ್ವ, ಸ್ವಂತ ಸಿಬ್ಬಂದಿ, ಸಾಕಷ್ಟು ಹಣ ಕೇಳುತ್ತವೆ. ನಮ್ಮ ಕಾಯ್ದೆಯ 11ನೇ ಕಲಮಿನಂತೆ ಆಯೋಗದ ತನಿಖೆಗೆ ಬೇಕಾದ ಪೊಲೀಸ್ ಅಧಿಕಾರಿಗಳನ್ನು ಒದಗಿಸುವುದು ಕೇಂದ್ರ ಸರ್ಕಾರ. ಈ ತತ್ವಗಳ ಆಧಾರದ ಮೇಲೆ ಆಯೋಗಕ್ಕೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆಯ ಮರುಪರಿಶೀಲನೆ 2023, 2024ರಲ್ಲಿ ಮುಂದಕ್ಕೆ ಹೋದಾಗ ಎದ್ದ ಆಕ್ಷೇಪಗಳಲ್ಲಿ ಇದೂ ಒಂದು. ಇದು ಬದಲಾಗಲೇಬೇಕು. ಆದರೆ ತಿದ್ದುಪಡಿಯೊಂದೇ ಸಾಕೆನ್ನುವವರು ಜನವರಿ ಆದೇಶಕ್ಕೆ ಉತ್ತರ ಹೇಳಬೇಕು. ಅಧಿಕಾರ ಕೈಯಲ್ಲಿದ್ದಾಗ ಅದನ್ನು ಬಳಸದಿದ್ದುದಕ್ಕೂ ಆಯೋಗ ಕಾರಣ ಕೊಡಬೇಕೆಂದು, ಆ ಕಾರಣವನ್ನು ನೊಂದವರು ಪ್ರಶ್ನಿಸಬಹುದೆಂದು ಗೊತ್ತುಪಡಿಸುವವರೆಗೆ, ಕಾಯ್ದೆಗೆ ಎಷ್ಟು ಕಲಂ ಸೇರಿಸಿದರೂ ವಿಚಾರಣೆಯ ಗಡಿ ಎಲ್ಲಿ ಬೀಳುತ್ತದೆಂಬುದು ಆಯೋಗದೊಳಗೆ ಕೂತವರ ಧೈರ್ಯಕ್ಕೇ ಬಿಟ್ಟದ್ದಾಗಿ ಉಳಿಯುತ್ತದೆ.