ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್

ಎಚ್.ಎನ್. ನಾಗಮೋಹನ ದಾಸ್ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2014ರಲ್ಲಿ ನಿವೃತ್ತರಾದ ಮೇಲೆಯೇ ಅವರ ಹೆಸರು ಹಳ್ಳಿಹಳ್ಳಿಗೂ ತಲುಪಿತು. ವಿದ್ಯಾರ್ಥಿಗಳಿಗೂ ಜನಸಾಮಾನ್ಯರಿಗೂ ಅರ್ಥವಾಗುವಂತೆ ಬರೆದ ‘ಸಂವಿಧಾನ ಓದು’ ಅವರ ಬಹುಜನಪ್ರಿಯ ಪುಸ್ತಕ. ಲಿಂಗಾಯತ ಧರ್ಮದ ಮಾನ್ಯತೆ ಕುರಿತ ತಜ್ಞರ ಸಮಿತಿಗೂ ಅವರೇ ಅಧ್ಯಕ್ಷರಾಗಿದ್ದರು. ವರದಿ 2018ರಲ್ಲಿ ಸಲ್ಲಿಕೆಯಾಯಿತು.

ದಾವಣಗೆರೆ ಸೀಮೆಗೆ ಅವರ ಕೆಲಸದ ನಂಟು ಗಾಢವಾದದ್ದು. ಪರಿಶಿಷ್ಟ ಪಂಗಡಗಳ ಮೀಸಲಾತಿ ಹೆಚ್ಚಿಸಬೇಕೆಂದು 2019ರ ಜೂನ್‌ನಲ್ಲಿ ಹರಿಹರ ತಾಲ್ಲೂಕಿನ ರಾಜನಹಳ್ಳಿ ವಾಲ್ಮೀಕಿ ಗುರುಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿ ಬೆಂಗಳೂರಿಗೆ ಪಾದಯಾತ್ರೆ ನಡೆಸಿದರು. ಅದರ ಬೆನ್ನಲ್ಲೇ ಸರ್ಕಾರ ದಾಸ್ ಅವರ ಏಕಸದಸ್ಯ ಆಯೋಗ ರಚಿಸಿತು. 2020ರ ಜುಲೈನಲ್ಲಿ ಬಂದ ವರದಿ ಪರಿಶಿಷ್ಟ ಜಾತಿಗಳ ಪಾಲನ್ನು ಶೇ 15ರಿಂದ 17ಕ್ಕೆ, ಪಂಗಡಗಳ ಪಾಲನ್ನು ಶೇ 3ರಿಂದ 7ಕ್ಕೆ ಏರಿಸಲು ಹೇಳಿತು. ಜಾರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿದದ್ದು, ಕಾದವರ ಮಟ್ಟಿಗೆ, ದೀರ್ಘವೇ ಸರಿ. 2022ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಹೊರಬಿತ್ತು.

ಪರಿಶಿಷ್ಟ ಜಾತಿಗಳ ಪಾಲನ್ನು ಅವುಗಳೊಳಗೇ ಹಂಚುವ ಒಳಮೀಸಲಾತಿಗೆ ಸುಪ್ರೀಂ ಕೋರ್ಟು 2024ರಲ್ಲಿ ಹಾದಿ ತೆರೆದಾಗ, ಹಂಚಿಕೆ ಸೂಚಿಸುವ ಹೊಣೆಯೂ ಅವರಿಗೇ ಬಂತು. 101 ಜಾತಿಗಳ ಮನೆಮನೆ ಸಮೀಕ್ಷೆಯ ಬಳಿಕ, 2025ರ ಆಗಸ್ಟ್‌ನಲ್ಲಿ ಶೇ 17ನ್ನು ಐದು ಗುಂಪುಗಳಿಗೆ ಹಂಚಲು ಶಿಫಾರಸು ಮಾಡಿದರು. ಅತಿ ಹಿಂದುಳಿದ ಸಣ್ಣ ಸಮುದಾಯಗಳಿಗೆ ಪ್ರತ್ಯೇಕ ಶೇ 1 ಇರಿಸಿದ್ದು ಅದರ ಮುಖ್ಯ ಗುಣ. ಸಚಿವ ಸಂಪುಟ ಮಾತ್ರ ಮೂರೇ ಗುಂಪುಗಳಲ್ಲಿ 6, 6, 5ರಂತೆ ಹಂಚಿತು.