ಎತ್ತಿನ ಕೊರಳು, ಕಾರಕೂನರ ಕಾಲರ್

ಧಾರವಾಡದ ಹಳೇ ಊರಿನಲ್ಲಿ ಹೆಬ್ಬಳ್ಳಿ ಅಗಸಿ ಎಂಬ ಜಾಗವಿದೆ. ಅಲ್ಲಿಂದ ಹೆಬ್ಬಳ್ಳಿಯ ದಾರಿ ಹಿಡಿದರೆ ಎದುರಾಗುವುದು ಎರೆಹೊಲ. ಈ ಸೀಮೆಯಲ್ಲಿ ಪಟ್ಟಿ ಮೊದಲು ಏರಿದ್ದು ಮನುಷ್ಯರ ಕೊರಳಿಗಲ್ಲ, ಎತ್ತಿನ ಕೊರಳಿಗೆ.

ಕಾಲರ್ ಪದದ ಬೇರು ಲ್ಯಾಟಿನ್ನಿನ ‘ಕೊಲ್ಲುಂ’, ಅಂದರೆ ಕುತ್ತಿಗೆ. ಹೆಬ್ಬಳ್ಳಿಯ ಕಡೆಯವರೂ ಕುತ್ತಿಗೆಗೆ ‘ಕೊಳ್ಳು’ ಅನ್ನುತ್ತಾರೆ. ದನಿ ಹತ್ತಿರ, ನಂಟು ಮಾತ್ರ ಇಲ್ಲ. ನಮ್ಮ ಕೊಳ್ಳು ‘ಕೊರಳು’ ಪದದ ಮನೆಯದು.

ಯುರೋಪಿನ ರೈತನಿಗೆ ಕಾಲರ್ ಇಲ್ಲದೆ ಕುದುರೆಯಿಂದ ಉಳುಮೆ ಕಷ್ಟವಾಗಿತ್ತು. ಬರೀ ಪಟ್ಟಿ ಬಿಗಿದರೆ ಕುದುರೆಗೆ ಉಸಿರು ಕಟ್ಟುತ್ತಿತ್ತು. ಭಾರ ಭುಜಕ್ಕೆ ಬೀಳುವಂತೆ ಮೆತ್ತೆ ತುಂಬಿದ ಬಳೆಯಂಥ ಕಾಲರ್ ಬಂದ ಮೇಲೆ ಅಲ್ಲಿ ಕುದುರೆ ಹೆಚ್ಚಾಗಿ ನೇಗಿಲಿಗೆ ಇಳಿಯಿತು. ನಮ್ಮ ಎತ್ತಿಗೆ ಆ ಕಷ್ಟವಿಲ್ಲ, ಬೆನ್ನ ಮೇಲೆ ಹಿಣಿಲಿದೆ. ನೊಗ ಅದರ ಮುಂದೆ ಕೂತು, ಎಳೆದಾಗ ಅದಕ್ಕೇ ಆನಿಕೊಳ್ಳುತ್ತದೆ. ಕೊರಳ ಸುತ್ತ ಬರುವ ಜತ್ತಿಗೆ ಭಾರ ಹೊರುವುದಿಲ್ಲ, ನೊಗ ಜಾರದಂತೆ ಹಿಡಿಯುತ್ತದೆ ಅಷ್ಟೇ. ಹಾಗಾಗಿ ಎತ್ತಿನ ಕೊರಳು ಶೃಂಗಾರಕ್ಕೆ ಉಳಿಯಿತು. ಕಾರಹುಣ್ಣಿಮೆಯ ದಿನ ಗೆಜ್ಜೆಪಟ್ಟಿ ಕಟ್ಟುವ ರೈತ ಗಂಗೆದೊಗಲಿನ ಕೆಳಗೆ ಕೈ ಹಾಕಿ, ಪಟ್ಟಿ ಎಲ್ಲೂ ಉಜ್ಜುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಗಂಟು ಹಾಕುತ್ತಾನೆ.

ಅವನ ಮೈಮೇಲಿನ ಬಟ್ಟೆಯಲ್ಲಿ ಮಾತ್ರ ಬಹಳ ಕಾಲ ಕಾಲರ್ ಇರಲಿಲ್ಲ. ಧೋತರ, ರುಮಾಲು, ಹೆಗಲ ಮೇಲೊಂದು ವಸ್ತ್ರ. ಉಳ್ಳವರಿಗೆ ಕಸೆ ಕಟ್ಟುವ ಬಾರಾಬಂದಿ. ಮಡಚಿದ ಕಾಲರ್ ಬಂದದ್ದು ಸಾಲಿ ಮತ್ತು ಕಚೇರಿಯ ಜೊತೆ, ಅದರಲ್ಲೂ ರೈಲಿನ ಜೊತೆ. ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಧಾರವಾಡದಲ್ಲಿ ಮುಖ್ಯ ಕಚೇರಿ ಕಟ್ಟಿತು, ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ತೆರೆಯಿತು. ಲೆಕ್ಕ ಬರೆಯುವ ಕಾರಕೂನರು ಒಂದು ಊರಿಗೆ, ಎಣ್ಣೆ–ಮಸಿಯಲ್ಲಿ ಗಾಲಿ ರಿಪೇರಿ ಮಾಡುವವರು ಇನ್ನೊಂದು ಊರಿಗೆ. ‘ಬಿಳಿ ಕಾಲರ್’, ‘ನೀಲಿ ಕಾಲರ್’ ಎಂಬ ಮಾತುಗಳು ಅಮೆರಿಕದಲ್ಲಿ ರೂಢಿಗೆ ಬರುವ ಮೊದಲೇ ಆ ಎರಡು ಬಣ್ಣ ಅವಳಿ ನಗರದಲ್ಲಿ ಪಾಲಾಗಿದ್ದವು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿತು. ಧಾರವಾಡದ ಆ ಕಟ್ಟಡ ಮುಂದೆ, 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿನದಾಯಿತು. ಕಾರಕೂನರು ಕೂತಿದ್ದ ಕಡೆ ಕ್ಲೋಸ್ ಕಾಲರ್ ಕೋಟಿನ ಪ್ರೊಫೆಸರರು ಬಂದರು. ಹೆಬ್ಬಳ್ಳಿಯಂಥ ಹಳ್ಳಿಗಳ ಹುಡುಗರಿಗೆ ಓದು ಅಂದರೆ ಆ ಕೋಟೇ ಕಣ್ಣಮುಂದೆ ನಿಲ್ಲುತ್ತಿತ್ತು. ಇದನ್ನು ಬರೀ ಠೀವಿ ಎಂದು ತಳ್ಳಿಹಾಕುವುದು ಅನ್ಯಾಯ. ಮಳೆ ಕೈಕೊಟ್ಟ ವರ್ಷವೂ ತಪ್ಪದೆ ಬರುವ ಪಗಾರದ ಗುರುತು ಅದು.

ಬಟ್ಟೆಯ ಹಿಂದೆಯೇ ಮಾತೂ ಬಂತು. ಜಗಳಕ್ಕೆ ನಿಂತವ ಕೊರಳಪಟ್ಟಿ ಹಿಡಿಯುತ್ತಾನೆ, ಗೆದ್ದವ ಕಾಲರ್ ಎತ್ತಿ ನಡೆಯುತ್ತಾನೆ. ಎಡ್ವಿನ್ ಸದರ್ಲೆಂಡ್ 1939ರಲ್ಲಿ ಹೆಸರಿಟ್ಟ ‘ವೈಟ್ ಕಾಲರ್ ಅಪರಾಧ’ ಕನ್ನಡ ಪತ್ರಿಕೆಗಳ ದಿನಬಳಕೆಯ ಮಾತು. ಹಾಸನ, ಕೊಡಗಿನ ಕಾಡಾನೆಗೆ ರೇಡಿಯೋ ಕಾಲರ್. ಫೋನಿನ ಕಾಲರ್ ಟ್ಯೂನಿಗೂ ಕುತ್ತಿಗೆಗೂ ಸಂಬಂಧವಿಲ್ಲ, ಆದರೆ ಕನ್ನಡ ಲಿಪಿಯಲ್ಲಿ ಎರಡೂ ಒಂದೇ.

ಕಾಲರಿಗೆ ದೊಡ್ಡ ವೈರಿ ಬೆವರು. ಅದಕ್ಕೇ ಈ ಕಡೆಯ ಗಂಡಸರು ಬಿಸಿಲಿಗೆ ಹೊರಟರೆ ಕೊರಳಿಗೂ ಕಾಲರಿಗೂ ನಡುವೆ ದಸ್ತಿ ಮಡಚಿ ಇಡುತ್ತಾರೆ. ಅಷ್ಟಾದರೂ ಮಡಿಕೆಯ ಮೇಲೇ ಬಟ್ಟೆ ಸವೆದು ನೂಲು ಏಳುತ್ತದೆ. ಆಗ ಅಂಗಿ ಸಿಂಪಿಗರ ಅಂಗಡಿಗೆ. ಬ್ಲೇಡಿನ ತುದಿಯಿಂದ ಹೊಲಿಗೆ ಬಿಚ್ಚಿ, ಕಾಲರನ್ನು ತಿರುವಿ, ಸವೆದ ಮಗ್ಗುಲು ಒಳಗೆ ಹೋಗುವಂತೆ ಮತ್ತೆ ಹೊಲಿಯುತ್ತಾರೆ. ಮೈ ಬಣ್ಣ ಮಾಸಿದ ಅಂಗಿಯಲ್ಲಿ ತಿರುವಿದ ಕಾಲರ್ ಮಾತ್ರ ಗಾಢವಾಗಿ, ಕೊಂಡ ದಿನದ ಬಣ್ಣದಲ್ಲೇ ಇರುತ್ತದೆ.